ಬ್ರೇಕ್ ಬದಲಿಸುವ ಮಾತು

ನನ್ನ ಗಂಡ ಬಹ್ರೈನ್ ಬಿಟ್ಟು ಊರಿಗೆ ಬರಬೇಕಾಗಿದ್ದ ಕಾಲಕ್ಕಿಂತ ಎಂಟು ವರ್ಷ ತಡವಾಗಿ ಬಂದರು. ಅದಕ್ಕೆ ಕಾರಣ ಅಲ್ಲಿಯ ಕಂಪೆನಿಯಲ್ಲ, ಹಣೆಬರಹವೂ ಅಲ್ಲ. ನನ್ನ ಸಣ್ಣ ಕಾರಿನ ಬ್ರೇಕು. ಇನ್ನೂ ಸರಿಯಾಗಿ ಹೇಳುವುದಾದರೆ, ಆ ಬ್ರೇಕಿನ ಬಗ್ಗೆ ನಾನು ಆಡಿದ ಎರಡು ಮಾತು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಮಾತಿನ ಅರ್ಥ ಬಿಡಿಸಿ ಹೇಳುವುದೇ ನನ್ನ ಉದ್ಯೋಗವಾಗಿತ್ತು. ಮನೆಯಲ್ಲಿ ಗಂಡ ಕೇಳಿದ ಒಂದು ಪ್ರಶ್ನೆಯ ಅರ್ಥ ಮಾತ್ರ ನನಗೆ ಆಗಲಿಲ್ಲ. ಆಗಲಿಲ್ಲ ಎಂದೇ ಇಷ್ಟು ಕಾಲ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಕಾರು ಎರಡು ಬಾಗಿಲಿನದು. ಮುಂದಿನ ಮುಚ್ಚಳ ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮಣಿಪಾಲದ ಡಾಕ್ಟರೊಬ್ಬರು ಊರು ಬಿಟ್ಟು ಹೋಗುವಾಗ ನಮಗೆ ಕೊಟ್ಟದ್ದು, ಆಗಲೇ ಹತ್ತು ವರ್ಷ ಹಳೆಯದು. ನಾನಿದ್ದದ್ದು ಕಾಪುವಿನಲ್ಲಿ, ಅತ್ತೆಯ ಜೊತೆ. ಕಾಲೇಜು ಮಣಿಪಾಲದಲ್ಲಿ. ಶನಿವಾರ ಮಧ್ಯಾಹ್ನ ಕಾಲೇಜು ಮುಗಿದರೆ ಅಲ್ಲಿಂದ ಹಾಗೆಯೇ ಪರ್ಕಳ, ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ, ನನ್ನ ತಾಯಿಯ ಮನೆಗೆ. ಸೋಮವಾರ ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸು. ಎಪ್ಪತ್ತರ ದಶಕದಲ್ಲಿ ಸೀರೆಯುಟ್ಟ ಹೆಂಗಸೊಬ್ಬಳು ಒಬ್ಬಳೇ ಕಾರು ಬಿಟ್ಟುಕೊಂಡು ಹೋದರೆ ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. "ಟೀಚರ್ ಬಂದ್ರು, ಸೈಡ್ ಕೊಡು ಮಾರಾಯ" ಎಂದು ಕಂಡಕ್ಟರು ಡ್ರೈವರಿಗೆ ಕೂಗಿ ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿಸಲಿಲ್ಲ ಎನ್ನುವ ಮುಖ ಮಾಡಿಕೊಂಡು ಒಳಗೊಳಗೇ ಹಿಗ್ಗಿದ್ದೇನೆ.

ಆ ಕಾರಿನ ಬ್ರೇಕು ನಾಲ್ಕು ಚಕ್ರಕ್ಕೂ ಡ್ರಮ್ಮಿನದು. ಅಂದರೆ ಚಕ್ರದ ಒಳಗೆ ಕಬ್ಬಿಣದ ದುಂಡು ಡಬ್ಬಿ, ಅದರೊಳಗೆ ಎರಡು ಶೂ. ಪೆಡಲ್ ಒತ್ತಿದರೆ ಶೂ ಅಗಲವಾಗಿ ಡಬ್ಬಿಯನ್ನು ಒಳಗಿನಿಂದ ತಿಕ್ಕಿ ಹಿಡಿಯಬೇಕು. ಮಳೆಗಾಲದಲ್ಲಿ ಉದ್ಯಾವರದ ಹತ್ತಿರ ರಸ್ತೆಯ ನೀರಿಗೆ ಇಳಿದು ಹೊರಬಂದರೆ ಶೂ ಒದ್ದೆಯಾಗಿ ಏನೂ ಹಿಡಿಯುತ್ತಿರಲಿಲ್ಲ. ಇಳಿತದಲ್ಲಿ ಒತ್ತಿಯೇ ಹೋದರೆ ಬಿಸಿಯಾಗಿ ಆಗಲೂ ಹಿಡಿಯುತ್ತಿರಲಿಲ್ಲ. ಹಿಡಿದರೂ ಕಾರು ಎಡಕ್ಕೆ ಎಳೆಯುತ್ತಿತ್ತು. ನಾನು ಇದಕ್ಕೆಲ್ಲ ನನ್ನದೇ ಉಪಾಯ ಮಾಡಿಕೊಂಡಿದ್ದೆ. ನೀರು ದಾಟಿದ ಮೇಲೆ ಒಂದು ಫರ್ಲಾಂಗು ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡು ಶೂ ಒಣಗಿಸುವುದು, ಮಣಿಪಾಲದಿಂದ ಕೆಳಗಿಳಿಯುವಾಗ ಎರಡನೇ ಗೇರಿನಲ್ಲೇ ಹಿಡಿದುಕೊಳ್ಳುವುದು, ಬ್ರೇಕ್ ಒತ್ತುವ ಮೊದಲೇ ಸ್ಟೇರಿಂಗನ್ನು ಒಂದು ಎಳೆ ಬಲಕ್ಕೆ ತಿರುಗಿಸಿಟ್ಟುಕೊಳ್ಳುವುದು. ಬೇರೆ ಯಾರಾದರೂ ಆ ಕಾರು ಬಿಟ್ಟರೆ ಎರಡನೇ ತಿರುವಿನಲ್ಲಿ ಚರಂಡಿಯಲ್ಲಿ ಇರುತ್ತಿದ್ದರು. ಅದು ನನ್ನ ಜಂಬ.

ಗಂಡನ ವಿಷಯ ಹೇಳಬೇಕು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಉಡುಪಿಯ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಶೆಡ್ಡಿನಲ್ಲಿ ಗೆಳೆಯನೊಬ್ಬನ ಜೊತೆ ಕಾರು ರಿಪೇರಿ ಕಲಿತರು, ಆಮೇಲೆ ಗೆಳೆಯ ಆ ಶೆಡ್ಡನ್ನೇ ನಡೆಸಿಕೊಂಡು ಉಳಿದ, ಇವರು ಬಹ್ರೈನಿಗೆ ಹೋಗಿ ಒಂದು ಕಂಪೆನಿಯ ವರ್ಕ್‌ಶಾಪ್ ಸೇರಿದರು. ನಮ್ಮ ಮದುವೆ ಆದದ್ದು ಅದರ ನಂತರ. "ಬಹ್ರೈನ್ ಇಲ್ಲದಿದ್ದರೆ ಎಂ.ಎ. ಓದಿದ ಹುಡುಗಿಯನ್ನು ಮೆಕ್ಯಾನಿಕ್‌ಗೆ ಯಾರು ಕೊಡ್ತಿದ್ರು?" ಎಂದು ನನ್ನ ತಾಯಿ ಬಾಯಿಬಿಟ್ಟೇ ಹೇಳುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಉಳಿದ ದಿನ ಕಾಗದ. ಸ್ಟಾಫ್ ರೂಮಿನಲ್ಲಿ ಯಾರಾದರೂ "ನಿಮ್ಮ ಯಜಮಾನರು ಎಲ್ಲಿ?" ಎಂದರೆ "ಬಹ್ರೈನ್‌ನಲ್ಲಿ" ಎನ್ನುತ್ತಿದ್ದೆ. ಅಲ್ಲಿ ಎಂತ ಕೆಲಸ ಎಂದು ಮುಂದೆ ಯಾರೂ ಕೇಳುತ್ತಿರಲಿಲ್ಲ. ಕೇಳದೆ ಇದ್ದದ್ದು ನನಗೆ ಅನುಕೂಲವೇ ಆಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಒಂದು ಶನಿವಾರ ಪರ್ಕಳದ ಇಳಿತದಲ್ಲಿ ನನ್ನ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ನನ್ನ ಬ್ರೇಕ್ ಹಿಡಿಯಲಿಲ್ಲ. ಕಾರನ್ನು ರಸ್ತೆಯ ಎಡಬದಿಯ ಎತ್ತರದ ಮಣ್ಣಿನ ಧರೆಗೆ ಉಜ್ಜಿ ನಿಲ್ಲಿಸಿದೆ. ನನಗೆ ಏನೂ ಆಗಲಿಲ್ಲ, ಕಾರಿಗೆ ಒಂದು ದೀಪ ಹೋಯಿತು. ಇದನ್ನು ನಾನು ಗಂಡನಿಗೆ ತಮಾಷೆಯ ಹಾಗೆ ಬರೆದೆ. ಧರೆಯ ಮಣ್ಣು ಸೀರೆಯ ಮೇಲೆ ಬಿದ್ದದ್ದು, ಬಸ್ಸಿನವರೆಲ್ಲ ಇಳಿದು ಬಂದು ಉಪದೇಶ ಮಾಡಿದ್ದು, ಒಬ್ಬಳು ಮುದುಕಿ ನೀರು ಕುಡಿಸದೆ ಬಿಡದೆ ಇದ್ದದ್ದು. ಕಾಗದ ಚೆನ್ನಾಗಿ ಬಂದಿತ್ತು, ನಾನೇ ಎರಡು ಸಲ ಓದಿಕೊಂಡೆ. ಅವರ ಉತ್ತರದಲ್ಲಿ ಆ ವಿಷಯವೇ ಇರಲಿಲ್ಲ. ನನಗೆ ಸಿಟ್ಟು ಬಂತು. ಓದಿಯೇ ಇಲ್ಲ ಈ ಮನುಷ್ಯ ಎಂದುಕೊಂಡೆ.

ಓದಿದ್ದರು. ಆಮೇಲೆ ಐದಾರು ತಿಂಗಳು ಶುಕ್ರವಾರದ ರಜೆಯಲ್ಲೆಲ್ಲ ಅಲ್ಲಿಯ ಗುಜರಿ ಅಂಗಡಿಗಳನ್ನು ಸುತ್ತಿ, ನಮ್ಮದೇ ಜಾತಿಯ ಒಂದು ಕಾರನ್ನು ಹುಡುಕಿ, ಅದರ ಮುಂದಿನ ಎರಡು ಚಕ್ರದ ಡಿಸ್ಕ್ ಬ್ರೇಕನ್ನು ಬಿಚ್ಚಿಸಿಕೊಂಡಿದ್ದರು. ವಿದೇಶದಲ್ಲಿ ಮಾರಿದ ಕಾರುಗಳಿಗೆ ಅದು ಇತ್ತಂತೆ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಒಂದು ತಟ್ಟೆ. ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ಎಲ್ಲವೂ ಹೊರಗೆ ಗಾಳಿಗೆ ಇರುವುದರಿಂದ ಬೇಗ ಬಿಸಿಯಾಗುವುದಿಲ್ಲ, ಒದ್ದೆಯಾದರೂ ಕ್ಷಣದಲ್ಲಿ ಒಣಗುತ್ತದೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಗಲ್ಫಿನಿಂದ ಬಂದವರ ಟ್ರಂಕ್ ಬಿಚ್ಚುವುದೆಂದರೆ ನಮ್ಮ ಕಡೆ ಸಣ್ಣ ಸಮಾರಂಭ. ನೆರೆಹೊರೆಯವರು, ನೆಂಟರು ಸುತ್ತ ಕೂರುತ್ತಾರೆ, ಚಾ ಆಗುತ್ತದೆ, ಒಂದೊಂದೇ ವಸ್ತು ಹೊರಗೆ ಬರುತ್ತದೆ, ಒಬ್ಬೊಬ್ಬರ ಕೈಗೂ ಏನಾದರೂ ಬೀಳುತ್ತದೆ. ಆ ವರ್ಷದ ಏಪ್ರಿಲ್‌ನಲ್ಲಿ ಅವರು ಟ್ರಂಕ್ ತೆರೆದಾಗ ಮೇಲಿನ ಪದರದಲ್ಲಿ ನಾಲ್ಕು ಸೋಪು, ಅತ್ತೆಗೆ ಒಂದು ಶಾಲು. ಅದರ ಕೆಳಗೆ ಅರಬ್ಬಿ ಪೇಪರಿನಲ್ಲಿ ಸುತ್ತಿದ ಕಬ್ಬಿಣ. ವಿಮಾನದಲ್ಲಿ ಬಿಡುವ ತೂಕವನ್ನೆಲ್ಲ ಅದಕ್ಕೇ ಕೊಟ್ಟುಬಿಟ್ಟಿದ್ದರು. ಗ್ರೀಸಿನ ವಾಸನೆ ಕೋಣೆ ತುಂಬ ಹರಡಿತು. ನನ್ನ ನಾದಿನಿಯ ಗಂಡ ಒಂದನ್ನು ಎತ್ತಿ ನೋಡಿ, "ಭಾವ, ಬಹ್ರೈನ್‌ನಲ್ಲಿ ಗುಜರಿ ವ್ಯಾಪಾರವಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ನಕ್ಕು ನನ್ನ ಮುಖ ನೋಡಿ, "ಇದು ಇವಳಿಗೆ" ಎಂದರು.

ನನಗೆ ನಾಚಿಕೆಯಾಯಿತು. ಪಕ್ಕದ ಮನೆಯಾಕೆಗೆ ಗಂಡ ಟೇಪ್ ರೆಕಾರ್ಡರ್ ತಂದಿದ್ದ, ನನಗೆ ಹಳೆಯ ಕಾರಿನ ಎಲುಬು. ನಾನು ಚಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಆ ದಿನ ಎರಡು ಒಳ್ಳೆಯ ಮಾತು ಆಡಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತೋ ಏನೋ.

ಆ ರಜೆಯಲ್ಲಿ ಅವರು ಮೂರು ಸಲ ಕೇಳಿದರು. ಮೊದಲ ಸಲ ಬಂದು ವಾರವಾದ ಮೇಲೆ. "ಬ್ರೇಕ್ ಬದಲಾಯಿಸುವಾ?" ಎಂದರು. ನಮ್ಮ ಮನೆಮಾತು ತುಳು. ನಾನು "ತೂಕ" ಎಂದೆ.

ಈ ತೂಕಕ್ಕೂ ಕಿಲೋಗೂ ಸಂಬಂಧವಿಲ್ಲ. ತುಳುವಿನಲ್ಲಿ ತೂಕ ಎಂದರೆ 'ನೋಡುವ', ಅಂದರೆ ನೋಡೋಣ. ನಮ್ಮಲ್ಲಿ ಯಾರೂ ಬೇಡ ಎಂದು ಮುಖದ ಮೇಲೆ ಹೇಳುವುದಿಲ್ಲ, ನೋಡುವ ಎನ್ನುತ್ತೇವೆ. ಸಂಬಂಧ ಕೇಳಿಕೊಂಡು ಬಂದವರಿಗೂ ನೋಡುವ, ಚಂದಾಕ್ಕೆ ಬಂದವರಿಗೂ ನೋಡುವ. ಕೇಳಿದವರಿಗೆ ಅರ್ಥವಾಗುತ್ತದೆ, ಚಾ ಕುಡಿದು ಎದ್ದು ಹೋಗುತ್ತಾರೆ, ಮುಂದಿನ ಸಲ ಸಿಕ್ಕಿದಾಗ ಆ ಮಾತು ಎತ್ತುವುದಿಲ್ಲ. ನಮ್ಮ ಮರ್ಯಾದೆ ಇರುವುದೇ ಹಾಗೆ. ಘಟ್ಟದ ಮೇಲಿನವರಿಗೆ ಇದು ಅರ್ಥವಾಗದೆ ಅವರು ಮತ್ತೆ ಮತ್ತೆ ಬಂದು ಕೇಳುವುದುಂಟು. ನನ್ನ ಗಂಡ ಕಾಪುವಿನಲ್ಲಿ ಹುಟ್ಟಿದವರು. ಹಾಗಿದ್ದೂ ಅವರು ಎರಡನೇ ಸಲ ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು, ಇದು ಬರೀ ಬ್ರೇಕಿನ ಮಾತಲ್ಲ ಎಂದು.

ಎರಡನೇ ಸಲ ಕೇಳಿದ್ದು ಕಾರ್ಕಳಕ್ಕೆ ಹೋಗುವಾಗ, ಕಾರಿನೊಳಗೇ. ನಾನು ಬಿಡುತ್ತಿದ್ದೆ, ಅವರು ಪಕ್ಕದಲ್ಲಿದ್ದರು. ಪರ್ಕಳದ ಇಳಿತದಲ್ಲಿ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

"ನಿಮಗೆ ಹೆದರಿಕೆಯಾದರೆ ಬಸ್ಸಿನಲ್ಲಿ ಬನ್ನಿ," ಎಂದೆ.

"ಹೆದರಿಕೆ ಅಲ್ಲ ಮಾರಾಯ್ತಿ. ಉಡುಪಿಯ ಶೆಡ್ಡಿನಲ್ಲಿ ಮೂರು ದಿನದ ಕೆಲಸ ಅಷ್ಟೆ. ನಾನೇ ನಿಂತು ಹಾಕಿಸ್ತೇನೆ. ಅವನಿಗೂ ಕಲಿಸಿದ ಹಾಗೆ ಆಗ್ತದೆ."

"ಅವನಿಗೆ ಎಂತಕ್ಕೆ ಕಲಿಸುವುದು?"

"ಇಂಥ ಕಾರು ಉಡುಪಿಯಲ್ಲಿ, ಮಣಿಪಾಲದಲ್ಲಿ ಎಷ್ಟು ಉಂಟು, ನೋಡು. ಇಳಿತ ಎಲ್ಲರಿಗೂ ಉಂಟಲ್ಲ."

ನಾನು ಎಂತಹ ಮಂಡೆಯವಳು ಎಂದರೆ, ಆಗ ನನಗೆ ಕೇಳಿಸಿದ್ದು 'ನಿನಗೆ ಕಾರು ಬಿಡಲು ಬರುವುದಿಲ್ಲ' ಎಂಬ ಒಂದೇ ಮಾತು. ಹಿರಿಯಡ್ಕ ದಾಟಿದ ಮೇಲೆ ತಾಯಿಗೆ ಮೀನು ತೆಗೆದುಕೊಂಡು ಹೋಗುವ ವಿಷಯ ಮಾತಾಡಿದೆ.

ಮೂರನೇ ಸಲ ಕೇಳಿದಾಗ ಅವರು ಹೊರಡಲು ಹತ್ತು ದಿನ ಇತ್ತು. ಬೆಳಿಗ್ಗೆ ಅವರು ಅಂಗಳದಲ್ಲಿ ಆ ಕಬ್ಬಿಣಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದರು. ನಾನು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವರು ಜಗಲಿಯ ತುದಿಗೆ ಬಂದು ಕೂತು, "ಹಾಗಾದರೆ ಎಂತ ಮಾಡುವ?" ಎಂದರು. ಆಗ ನಾನು ಪೆನ್ನು ಕೆಳಗಿಟ್ಟು, ಕ್ಲಾಸಿನಲ್ಲಿ ಹೇಳುವ ಹಾಗೆ ಒಂದು ತರ್ಕ ಹೇಳಿದೆ. ಇವತ್ತಿಗೂ ಅದರ ಒಂದಕ್ಷರ ಮರೆತಿಲ್ಲ.

"ಡ್ರಮ್ಮಿನ ಶೂ ಉಡುಪಿಯಲ್ಲಿ ಎಲ್ಲಿ ಬೇಕಾದರೂ ಸಿಗ್ತದೆ. ನಿಮ್ಮ ಈ ಡಿಸ್ಕಿನ ಪ್ಯಾಡ್ ಸವೆದರೆ? ಅದು ಸಿಗುವುದು ಅಲ್ಲಿ ಮಾತ್ರ. ನೀವು ಅಲ್ಲಿ ಇರುವವರೆಗೆ ಸರಿ. ನೀವು ಇಲ್ಲಿಗೆ ಬಂದು ಕೂತರೆ ಪ್ಯಾಡ್ ಕಳಿಸುವವರು ಯಾರು?"

ಅವರು "ಅದೂ ಸರಿ" ಎಂದರು. ಎದ್ದು ಹೋಗಿ ಗೋಣಿಯ ಮೇಲಿದ್ದದ್ದನ್ನೆಲ್ಲ ಮತ್ತೆ ಗ್ರೀಸ್ ಹಚ್ಚಿ ಸುತ್ತಿ, ಮರದ ಪೆಟ್ಟಿಗೆಯೊಂದಕ್ಕೆ ತುಂಬಿ ಮಂಚದ ಅಡಿಗೆ ತಳ್ಳಿದರು. ತರ್ಕದಲ್ಲಿ ಗೆದ್ದೆ ಎಂದು ನಾನು ಉಳಿದ ಪತ್ರಿಕೆಗಳನ್ನು ಖುಷಿಯಲ್ಲೇ ತಿದ್ದಿ ಮುಗಿಸಿದೆ. ಜೂನ್ ಮೊದಲ ವಾರ ಅವರು ಹೋದರು. ಮುಂದಿನ ಕಾಗದದಲ್ಲಿ ಕಂಪೆನಿಯ ಕರಾರಿಗೆ ಮತ್ತೆ ಸಹಿ ಹಾಕಿದ್ದೇನೆ ಎಂದು ಒಂದು ಸಾಲು ಇತ್ತು. ಕರಾರು ಮುಗಿದಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನಾಲ್ಕು ವರ್ಷ ಹೋಯಿತು. ನಡುವೆ ಅವರು ಒಮ್ಮೆ ರಜೆಯಲ್ಲಿ ಬಂದು ಹೋದರು, ಬ್ರೇಕಿನ ಮಾತು ಎತ್ತಲಿಲ್ಲ. ಆ ಸಲ ಟ್ರಂಕ್‌ನಲ್ಲಿ ಟೇಪ್ ರೆಕಾರ್ಡರ್ ಇತ್ತು, ಸೀರೆಗಳಿದ್ದವು. ಟ್ರಂಕ್ ನೋಡಲು ಬಂದವರೆಲ್ಲ ಹೊಗಳಿದರು.

ಒಂದು ಮಳೆಗಾಲದ ಮೊದಲು ಶೂ ಬದಲಿಸಲು ನಾನು ಕಾರನ್ನು ಉಡುಪಿಯ ಅದೇ ಶೆಡ್ಡಿಗೆ ಕೊಂಡುಹೋಗಿದ್ದೆ. ಗಂಡನ ಗೆಳೆಯ ನನಗೆ ಅಕ್ಕ ಎನ್ನುತ್ತಿದ್ದ, ವಯಸ್ಸಿನಲ್ಲಿ ನನಗಿಂತ ದೊಡ್ಡವನೇ. ಚಕ್ರ ಬಿಚ್ಚಿ ಡ್ರಮ್ಮನ್ನು ತೋರಿಸಿ, "ಅಕ್ಕ, ಇದು ಪೂರ್ತಿ ತಿಂದು ಹೋಗಿದೆ. ಆವತ್ತೇ ಡಿಸ್ಕ್ ಹಾಕಿದ್ದಿದ್ರೆ ಇವತ್ತು ಈ ತಾಪತ್ರಯ ಇರ್ತಿರಲಿಲ್ಲ," ಎಂದ. ಆಮೇಲೆ ಚಕ್ರವನ್ನು ಉರುಳಿಸಿಕೊಂಡು ಹೋಗುತ್ತಾ, "ಶೆಡ್ಡೂ ಈಗ ಡಬ್ಬಲ್ ಆಗ್ತಿತ್ತು. ಹೋಗಲಿ, ನಿಮಗೆ ಮನಸ್ಸಿರಲಿಲ್ಲ," ಎಂದ.

"ಯಾವ ಶೆಡ್ಡು? ನನಗೆ ಎಂತದಕ್ಕೆ ಮನಸ್ಸಿರಲಿಲ್ಲ?"

ಅವನು ಚಕ್ರ ಹಿಡಿದುಕೊಂಡೇ ನಿಂತ. "ಅವನು ಊರಿಗೆ ಬರುವುದಕ್ಕೆ. ನೀವೇ ಬೇಡ ಅಂದದ್ದಲ್ವಾ?"

ಅಲ್ಲಿ ನಿಂತುಕೊಂಡೇ ಎಲ್ಲವನ್ನೂ ಕೇಳಿದೆ. ಆ ರಜೆಗೆ ಬರುವಾಗಲೇ ನನ್ನ ಗಂಡ ಬಹ್ರೈನ್ ಬಿಡುವ ಯೋಚನೆ ಮಾಡಿಯಾಗಿತ್ತು. ಶೆಡ್ಡಿನ ಆಚೆ ಗೋಡೆ ತೆಗೆದು ದೊಡ್ಡದು ಮಾಡುವುದು, ಇಬ್ಬರೂ ಸೇರಿ ನಡೆಸುವುದು. ಮೊದಲು ನನ್ನ ಕಾರಿಗೆ ಡಿಸ್ಕ್ ಹಾಕುವುದು, ಟೀಚರ ಕಾರು ಮಣಿಪಾಲದ ಇಳಿತದಲ್ಲಿ ನಿಲ್ಲುವುದನ್ನು ನೋಡಿ ಅಲ್ಲಿಯ ಡಾಕ್ಟರುಗಳು, ಪ್ರೊಫೆಸರುಗಳು ತಮ್ಮ ಕಾರು ತರುತ್ತಾರೆ ಎಂಬ ಲೆಕ್ಕಾಚಾರ. "ಮೊದಲು ಅವಳನ್ನು ಕೇಳಬೇಕು, ಅವಳು ಹೂಂ ಅಂದ್ರೆ ಮಾತ್ರ ಅಂತ ಹೇಳಿದ್ದ. ಆಮೇಲೆ ಬಂದು, 'ನಾನು ಅಲ್ಲೇ ಇರಬೇಕು ಅಂತಾಳೆ ಅವಳು, ಮಾರಾಯ' ಅಂದ. ಅಷ್ಟೇ ಅಕ್ಕ. ಜಾಸ್ತಿ ನಾನು ಕೇಳಲಿಲ್ಲ."

ಮನೆಗೆ ಬಂದು ಮಂಚದ ಅಡಿಯ ಪೆಟ್ಟಿಗೆ ಎಳೆದೆ. ಅಷ್ಟು ವರ್ಷ ಅದರ ಮುಚ್ಚಳ ತೆರೆದಿರಲಿಲ್ಲ. ಡಿಸ್ಕುಗಳ ಕೆಳಗೆ ಹೊಸ ಪ್ಯಾಡ್‌ಗಳು, ಕಾಗದದ ಡಬ್ಬಿಗಳಲ್ಲಿ, ಹನ್ನೆರಡು ಜೊತೆ. ನನ್ನ ಓಡಾಟಕ್ಕೆ ಅದು ಇಪ್ಪತ್ತು ವರ್ಷಕ್ಕೂ ಸಾಕು ಎಂದು ಶೆಡ್ಡಿನವನು ಆಮೇಲೆ ಹೇಳಿದ. ಯಾರೂ ಬಹ್ರೈನ್‌ನಲ್ಲಿ ಇರಬೇಕಾಗಿರಲಿಲ್ಲ, ಯಾರೂ ಏನೂ ಕಳಿಸಬೇಕಾಗಿರಲಿಲ್ಲ. ಅವತ್ತು ಜಗಲಿಯಲ್ಲಿ 'ಪ್ಯಾಡ್ ತಂದಿದ್ದೇನೆ' ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ಅವರು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಾಗಿತ್ತಲ್ಲ, ಅವರು ಪ್ಯಾಡಿನ ಮಾತು ಯಾಕೆ ಆಡಿಯಾರು? ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆಯವರು ಬಂದು "ಎಂತ ಆಯ್ತು?" ಎಂದರೆ "ಬೆರಳಿಗೆ ತಾಗಿತು" ಎಂದೆ.

ಇನ್ನು ನಾನು ಮಾಡಿದ್ದನ್ನು ಕೇಳಿ. 'ನೀವು ಬಂದುಬಿಡಿ' ಎಂದು ಬರೆಯಬೇಕಿತ್ತು, ಎರಡೇ ಶಬ್ದ. ಇನ್‌ಲ್ಯಾಂಡ್ ಅಲ್ಲ, ವಿದೇಶಕ್ಕೆ ಹೋಗುವ ಏರೋಗ್ರಾಂ ತೆಗೆದುಕೊಂಡು ಬಂದು ಕೂತೆ. ಬರೆದದ್ದು ಹೀಗೆ: 'ಆ ಡಿಸ್ಕ್ ಬ್ರೇಕನ್ನು ಹಾಕಿಸುವ ಎಂದು ನನಗೆ ಈಗ ಮನಸ್ಸಾಗಿದೆ. ನಿಮ್ಮ ಅಭಿಪ್ರಾಯ ತಿಳಿಸಿ.' ಅವರು ಕೇಳಿದ ಭಾಷೆಯಲ್ಲೇ ನಾನೂ ಹೇಳಿದೆ, ಅವರಿಗೆ ಅರ್ಥವಾಗಿಯೇ ಆಗುತ್ತದೆ ಎಂದು ನಂಬಿದೆ. ಒಂದು ತಿಂಗಳು ಅಂಚೆಯವನ ದಾರಿ ಕಾದೆ. ಉತ್ತರ ಬಂತು. 'ಬಹಳ ಸಂತೋಷ. ಶೆಡ್ಡಿನಲ್ಲೇ ಹಾಕಿಸು, ಬೇರೆಯವರ ಕೈಗೆ ಕೊಡಬೇಡ. ಇನ್ನು ನೀನು ಕಾರ್ಕಳಕ್ಕೆ ಹೋಗುವಾಗ ನನಗೆ ಚಿಂತೆ ಇಲ್ಲ. ಪೆಟ್ಟಿಗೆಯಲ್ಲಿ ಪ್ಯಾಡ್ ಉಂಟು. ಸಾಲದಿದ್ದರೆ ಬರೆ, ಇಲ್ಲಿಂದ ಕಳಿಸುತ್ತೇನೆ.'

ಈ ಸಲ ಅವರು ಬ್ರೇಕನ್ನು ಬರೀ ಬ್ರೇಕೆಂದೇ ಓದಿದ್ದರು. ಹಾಕಿಸಿದೆ. ಶೆಡ್ಡಿನವನು ಮೂರು ದಿನದ ಕೆಲಸವನ್ನು ಎಂಟು ದಿನ ಮಾಡಿದ, ಕಲಿಸಲು ಯಾರೂ ಪಕ್ಕದಲ್ಲಿ ಇರಲಿಲ್ಲ. ಕಾರು ಬಂದ ದಿನ ಮಣಿಪಾಲದಿಂದ ಪರ್ಕಳಕ್ಕೆ ಇಳಿಯುವಾಗ ನಡುವಿನಲ್ಲಿ ಬೇಕೆಂದೇ ಒತ್ತಿದೆ. ಎಡಕ್ಕೆ ಎಳೆಯಲಿಲ್ಲ, ಜಾರಲಿಲ್ಲ. ನಿಂತಿತು. ನನ್ನ ಕೈ ಅಭ್ಯಾಸದಿಂದ ಬಲಕ್ಕೆ ತಿರುಗಿದ್ದರಿಂದ ಕಾರಿನ ಮೂತಿ ರಸ್ತೆಯ ನಡುವಿಗೆ ಬಂದಿತ್ತು. ಹಿಂದಿನ ಲಾರಿಯವನು ಬೈದ. ಪಕ್ಕದ ಸೀಟು ನೋಡಿದೆ. ಅದರ ಮೇಲೆ ನನ್ನ ಚೀಲ ಮತ್ತು ತಾಯಿಗೆ ತೆಗೆದುಕೊಂಡ ಮಲ್ಲಿಗೆ ಇತ್ತು.

ಅವರು ಬಹ್ರೈನ್ ಬಿಟ್ಟು ಬಂದದ್ದು ಅದಾಗಿ ಮತ್ತೆ ನಾಲ್ಕು ವರ್ಷದ ಮೇಲೆ, ಕಂಪೆನಿ ಆಳುಗಳನ್ನು ಕಡಿಮೆ ಮಾಡಿದಾಗ. ಅಷ್ಟರಲ್ಲಿ ಉಡುಪಿಯ ಶೆಡ್ಡಿನ ಆಚೆಯ ಜಾಗಕ್ಕೆ ಸ್ಕೂಟರ್ ರಿಪೇರಿಯವರು ಬಂದಿದ್ದರು. ನನ್ನ ಗಂಡನ ಬೆನ್ನು ಹೋಗಿತ್ತು, ಕಾರಿನ ಅಡಿಗೆ ಮಲಗಲು ಆಗುತ್ತಿರಲಿಲ್ಲ. ನಾನು ಮೂವತ್ತೊಂಬತ್ತು ದಾಟಿದ್ದೆ. ನಮಗೆ ಮಕ್ಕಳಿಲ್ಲ. ಆ ಎಂಟು ವರ್ಷ ಅವರು ಇಲ್ಲಿದ್ದರೆ ಆಗುತ್ತಿದ್ದವೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ. ಆಗುತ್ತಿದ್ದವು ಎಂದು ನನ್ನ ತಾಯಿ ಸಾಯುವವರೆಗೆ ಹೇಳಿದರು.

ಮನೆಯಲ್ಲಿ ಅವರು ನೆಂಟರ ಹಾಗೆ ಇದ್ದರು. ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳುತ್ತಿದ್ದರು. ಅಂಗಿಗಳನ್ನು ಟ್ರಂಕ್‌ನಿಂದಲೇ ತೆಗೆದು ಹಾಕಿಕೊಳ್ಳುತ್ತಿದ್ದರು. ಕಪಾಟಿನ ಎರಡು ಅರೆ ಖಾಲಿ ಮಾಡಿಕೊಟ್ಟೆ, "ಇರಲಿ, ನನಗೆ ಇದೇ ಅಭ್ಯಾಸ" ಎಂದರು. ಅವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೇಡಿಯೋ ಹಾಕಿದರೆ ನನಗೆ ಕಿರಿಕಿರಿಯಾಗುತ್ತಿತ್ತು. ನನ್ನ ಕಾಲೇಜು, ನನ್ನ ಕಾರು, ನನ್ನ ಶನಿವಾರ ಎಲ್ಲವೂ ಒಂದು ಅಚ್ಚಿಗೆ ಕೂತಿತ್ತು. ಅದರಲ್ಲಿ ಇನ್ನೊಬ್ಬರಿಗೆ ಜಾಗ ಮಾಡುವುದು ಸುಲಭವಾಗಲಿಲ್ಲ, ಗಂಡನಾದರೂ ಅಷ್ಟೆ.

ಎಲ್ಲವನ್ನೂ ಹೇಳಿಬಿಡಬೇಕು ಎಂದು ತಿಂಗಳುಗಟ್ಟಲೆ ಅಂದುಕೊಂಡೆ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಅತ್ತೆ ಮಲಗಿದ್ದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಇಬ್ಬರೇ.

"ಆ ವರ್ಷ ನೀವು ಬ್ರೇಕಿನ ಮಾತು ಎತ್ತಿದ್ದು ಊರಿಗೆ ಬರಲಿಕ್ಕೆ ಅಂತ ನನಗೆ ಗೊತ್ತಿರಲಿಲ್ಲ. ಶೆಡ್ಡಿನವನು ಹೇಳಿದ ಮೇಲೆಯೇ ಗೊತ್ತಾದದ್ದು. ನಾನು ಪ್ಯಾಡಿನ ವಿಷಯ ಹೇಳಿದ್ದು ಪ್ಯಾಡಿನ ವಿಷಯವೇ. ಬೇರೆ ಎಂತದೂ ಮನಸ್ಸಿನಲ್ಲಿ ಇರಲಿಲ್ಲ."

ಅವರು ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದರು. ಸಿಟ್ಟು ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು.

"ಗೊತ್ತಿದ್ದರೆ ಎಂತ ಹೇಳ್ತಿದ್ದಿ?"

ನನ್ನ ಕಣ್ಣ ಮುಂದೆ ಬಂದದ್ದು ಸ್ಟಾಫ್ ರೂಮು. ನಿಮ್ಮ ಯಜಮಾನರು ಎಲ್ಲಿ ಎಂದು ಕೇಳುವವರು. ಬಸ್‌ಸ್ಟ್ಯಾಂಡಿನ ಹಿಂದಿನ ಶೆಡ್ಡಿನಲ್ಲಿ, ಕರಿ ಮೆತ್ತಿದ ಖಾಕಿ ಚಡ್ಡಿಯಲ್ಲಿ, ನನ್ನ ಪ್ರಿನ್ಸಿಪಾಲರ ಕಾರಿನ ಅಡಿಯಿಂದ ತೆವಳಿಕೊಂಡು ಹೊರಬರುವ ನನ್ನ ಗಂಡ. ಅದನ್ನು ದಾಟಿ ಈಚೆ ಬರಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬನ್ನಿ ಅಂತಿದ್ದೆ," ಎಂದೆ. ಸುಳ್ಳಲ್ಲ, ಹಾಗೆಯೇ ಅನ್ನುತ್ತಿದ್ದೆ ಎಂದು ಇವತ್ತಿಗೂ ನಂಬಲು ನೋಡುತ್ತೇನೆ. ಆದರೆ ನಾನು ಹೇಳುವಷ್ಟರಲ್ಲಿ ಅವರು ತಮ್ಮ ಊಟದ ಬಟ್ಟಲು ಎತ್ತಿಕೊಂಡು ಕೈ ತೊಳೆಯಲು ಎದ್ದು ಹೋಗಿದ್ದರು.